ಚೋರ್ ಬಜಾರಿನ ತುಪ್ಪಳದ ನಕ್ಷೆ: ಕೊಳ್ಳಬಹುದು, ಚೀಟಿ ಮಾತ್ರ ಬೇಡ

ಮುಂಬೈ ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಹಳೆ ನಕ್ಷೆ, ಸಿನಿಮಾ ಪೋಸ್ಟರ್ ಮಾರುವ ಒಂದು ಇಕ್ಕಟ್ಟಿನ ಅಂಗಡಿಯಿಂದ ಉತ್ತರ ಅಮೆರಿಕದ ತುಪ್ಪಳ ವ್ಯಾಪಾರದ ನಕ್ಷೆ ತಂದೆ. ಅಸಲಿ ಅಲ್ಲ, ಮರುಮುದ್ರಣ. ಅಂಗಡಿಯ ಚಾಚಾ ನಾನು ಕೇಳುವ ಮೊದಲೇ ಅದನ್ನು ಹೇಳಿಬಿಟ್ಟರು, ಅದಕ್ಕೇ ಒಂದು ಸ್ಟಾರ್. ಎರಡು ಸಾವಿರ ಅಂದರು, ಚೌಕಾಸಿ ಮಾಡಿದ ಮೇಲೆ 1,300ಕ್ಕೆ ಬಂತು.

ಮುಂಬೈಯವರಿಗೆ ಇದೆಲ್ಲ ಯಾಕೆ ಅಂತೀರಾ? ಇಂಗ್ಲೆಂಡಿನ ಎರಡನೇ ಚಾರ್ಲ್ಸ್ 1668ರಲ್ಲಿ ನಮ್ಮ ಬೊಂಬಾಯಿಯನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಅದೇ ರಾಜ 1670ರಲ್ಲಿ ಈಗಿನ ಕೆನಡಾದ ಹಡ್ಸನ್ ಕೊಲ್ಲಿಗೆ ನೀರು ಹರಿಯುವ ಅಷ್ಟೂ ನೆಲವನ್ನು ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಗೆ ಬರೆದುಕೊಟ್ಟ, ಅದು ಈಗಿನ ಇಡೀ ಭಾರತಕ್ಕಿಂತ ದೊಡ್ಡದು. ಬಾಡಿಗೆ? ರಾಜ ಆ ಕಡೆ ಬಂದರೆ ಎರಡು ಎಲ್ಕ್ (ದೊಡ್ಡ ಜಿಂಕೆ), ಎರಡು ಕಪ್ಪು ಬೀವರ್ (ಹೊಳೆಯಲ್ಲಿ ಬದುಕುವ, ದಟ್ಟ ತುಪ್ಪಳದ ಪ್ರಾಣಿ). ಅಲ್ಲಿದ್ದ ಕ್ರೀ ಜನರನ್ನು ಯಾರೂ ಕೇಳಲಿಲ್ಲ. ಇಲ್ಲಿನ ಕೋಲಿ ಮೀನುಗಾರರನ್ನು ತಾನೇ ಯಾರು ಕೇಳಿದ್ದರು ಅಲ್ವಾ?

ಮುದ್ರಣ ಚೆನ್ನಾಗಿದೆ, ಕಾಗದ ದಪ್ಪ. ಕಂಪನಿ ಕೋಟೆಗಳಿಗೆಲ್ಲ ಸಣ್ಣ ಕೆಂಪು ಚುಕ್ಕೆ. ಕಣ್ಣು ಹತ್ತಿರ ಇಟ್ಟು ನೋಡಿದರೆ ಹೆಚ್ಚುಕಮ್ಮಿ ಎಲ್ಲ ಚುಕ್ಕೆಯೂ ನೀರಿನ ದಂಡೆಯಲ್ಲೇ ಇದೆ, ಯಾಕೆಂದರೆ ಚರ್ಮದ ಕಟ್ಟುಗಳು ಬರುತ್ತಿದ್ದದ್ದು ದೋಣಿಯಲ್ಲಿ. ಆಮೇಲೆ ಚುಕ್ಕೆಗಳು ಪಶ್ಚಿಮಕ್ಕೆ ಸರಿಯುತ್ತ ಹೋಗುತ್ತವೆ. ಯೂರೋಪಿನವರಿಗೆ ಟೋಪಿ ಹುಚ್ಚು, ಬೀವರ್‌ನ ಒಳಗೂದಲಿನಿಂದ ಟೋಪಿಗೆ ಒಳ್ಳೆ ಫೆಲ್ಟ್ (ಕೂದಲು ಒತ್ತಿ ಮಾಡುವ ದಪ್ಪ ಬಟ್ಟೆ) ಆಗುತ್ತದೆ, ಒಂದು ಹೊಳೆಯಲ್ಲಿ ಬೀವರ್ ಮುಗಿದರೆ ಮುಂದಿನ ಹೊಳೆಗೆ ಹೋಗುವುದು, ಅಷ್ಟೇ. ಹೀಗೆ ಹೋಗಿ ಹೋಗಿ 1793ರಲ್ಲಿ ಪ್ರತಿಸ್ಪರ್ಧಿ ನಾರ್ತ್ ವೆಸ್ಟ್ ಕಂಪನಿಯ ಅಲೆಕ್ಸಾಂಡರ್ ಮೆಕೆಂಜಿ ಪೆಸಿಫಿಕ್ ದಡ ಮುಟ್ಟಿದ. ಅಮೆರಿಕದ ಹೆಸರಾಂತ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಆ ಸಾಗರದ ದಡಕ್ಕೆ ಬಂದದ್ದು 12 ವರ್ಷ ಆದ ಮೇಲೆ.

ಸಿಟ್ಟು ಬಂದದ್ದು ಜೊತೆಗೆ ಕೊಟ್ಟ ಚೀಟಿ ಓದಿ. 'ಯಾರೂ ಕಾಲಿಡದ ಕಾಡಿನಲ್ಲಿ' ಕಂಪನಿಯವರು ದಾರಿ ಮಾಡಿದರಂತೆ! ಬೀವರ್ ಹಿಡಿದವರು ಯಾರು? ದಾರಿ ತೋರಿಸಿದವರು, ಹಿಮದಲ್ಲಿ ಹೂತುಹೋಗದೆ ನಡೆಯುವ ಅಗಲ ಪಾದುಕೆ ಹೆಣೆದುಕೊಟ್ಟ ಹೆಂಗಸರು ಯಾರು? ಎಲ್ಲ ಅಲ್ಲಿಯವರೇ. ಬದಲಿಗೆ ಅವರಿಗೆ ಪಾತ್ರೆ, ಕೋವಿ, ಕಂಬಳಿ ಸಿಕ್ಕವು ನಿಜ. 1780ರ ನಂತರ ಅದೇ ದೋಣಿ ದಾರಿಗಳಲ್ಲಿ ಸಿಡುಬೂ ಬಂತು, ಊರಿಗೆ ಊರೇ ಖಾಲಿಯಾದವು. ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ. 1870ರಲ್ಲಿ ಹಡ್ಸನ್ಸ್ ಬೇ ಕಂಪನಿ ಆ ನೆಲವನ್ನೆಲ್ಲ 3 ಲಕ್ಷ ಪೌಂಡ್‌ಗೆ ಕೆನಡಾಕ್ಕೆ ದಾಟಿಸಿತು, ಗಿರಗಾಂವ್‌ನ ಚಾಳಿನಲ್ಲಿ ಪಗಡಿ (ಮುಂಗಡ ಹಣ ಕೊಟ್ಟು ಹಿಡಿಯುವ ಬಾಡಿಗೆ) ರೂಮು ಕೈ ಬದಲಾಯಿಸಿದ ಹಾಗೆ. ಅದೂ ಇಲ್ಲ.

ನನ್ನ ಪ್ರತಿಯಲ್ಲಿ ವಿನ್ನಿಪೆಗ್ ಸರೋವರ ಸರಿಯಾಗಿ ಮಡಿಕೆಗೆ ಸಿಕ್ಕಿ ಬಿಳಚಿಕೊಂಡಿದೆ. ನೀವು ಮಡಿಸದೆ ಸುತ್ತಿಟ್ಟದ್ದನ್ನೇ ಕೇಳಿ, ಒಳಗಡೆ ಇದೆ, ಸುಮ್ನೆ ಇದ್ದರೆ ತೆಗೆಯುವುದಿಲ್ಲ. ಟ್ಯೂಬ್‌ಗೆ 80 ರೂಪಾಯಿ ಬೇರೆ, ಜಾಸ್ತಿ ಆಯಿತು, ಮನೆಯಿಂದ ಒಯ್ಯಿರಿ. ಯುಪಿಐ ನಡೆಯುತ್ತದೆ. ಶುಕ್ರವಾರ ಅಂಗಡಿ ಬಂದ್. ಐದಕ್ಕೆ ನಾಲ್ಕು.