ಸಿಯೆರಾ ನೆವಾಡಾದಿಂದ ಕೋರ್ದೊಬಾಗೆ ಸಂಜೆ 4ಕ್ಕೆ ಹೊರಡಬೇಡಿ

ಜುಲೈ, ಆಗಸ್ಟ್‌ನಲ್ಲಿ ಸ್ಪೇನ್‌ನ ಸಿಯೆರಾ ನೆವಾಡಾ ಬೆಟ್ಟದಿಂದ ಕೋರ್ದೊಬಾದ ಬಯಲಿಗೆ ಬಾಡಿಗೆ ಕಾರಿನಲ್ಲಿ ಹೋಗುವವರು ಇದನ್ನು ಓದಿಕೊಂಡು ಹೊರಡಿ. ಈ ದಾರಿಯಲ್ಲಿ ಕೆಡುವ ಪ್ರಯಾಣಗಳು ಹೆಚ್ಚುಕಮ್ಮಿ ಒಂದೇ ರೀತಿ ಕೆಡುತ್ತವೆ. ಬೆಟ್ಟದ ಮೇಲಿನ ಊರು ಪ್ರಾದೊಯಾನೊದಲ್ಲಿ ಸ್ವೆಟರ್ ತೊಟ್ಟು ನಿಧಾನವಾಗಿ ತಿಂಡಿ, ಕೆಳಗಿನ ಗ್ರನಾಡಾ ನಗರದಲ್ಲಿ ಊಟ, "ಬಿಸಿಲು ಸ್ವಲ್ಪ ಇಳೀಲಿ" ಅಂತ ಕಾದು 4ಕ್ಕೆ ಮತ್ತೆ ರಸ್ತೆಗೆ. 6 ಗಂಟೆಯ ಹೊತ್ತಿಗೆ ಆಲಿವ್ ತೋಟಗಳ ನಡುವೆ ಒಂದಿಷ್ಟೂ ನೆರಳಿಲ್ಲದ ಕಡೆ, ಸಿಡಿದ ಟೈರ್ ಪಕ್ಕದಲ್ಲಿ ಮಕ್ಕಳನ್ನು ಕಟ್ಟಿಕೊಂಡು ನಿಂತಿರುತ್ತಾರೆ.

ತಪ್ಪಿರುವುದು ಗಡಿಯಾರದ ಲೆಕ್ಕ. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು 12:30ರ ಆಸುಪಾಸಿನಲ್ಲಿ, 4ಕ್ಕೆ ಝಳ ತಗ್ಗುತ್ತದೆ. ಅಲ್ಲಿ ಬೇಸಿಗೆಯ ಗಡಿಯಾರ ಸೂರ್ಯನಿಗಿಂತ ಎರಡು ಗಂಟೆಗೂ ಹೆಚ್ಚು ಮುಂದಿರುತ್ತದೆ. ನಡುಹಗಲು ಆಗುವುದೇ 2:20ಕ್ಕೆ, ಸೆಕೆ ಏರಿ ಕೂರುವುದು ಸಂಜೆ 5ರಿಂದ 7ರವರೆಗೆ. ಸ್ಪೇನ್‌ನ ದಾಖಲೆ ಉಷ್ಣಾಂಶ 47.6 ಡಿಗ್ರಿ, 14 ಆಗಸ್ಟ್ 2021ರಂದು ಕಂಡದ್ದು ಇದೇ ಕೋರ್ದೊಬಾ ಪ್ರಾಂತ್ಯದ ಲಾ ರಾಂಬ್ಲಾದಲ್ಲಿ. ಬೆಳಗ್ಗೆ 7:30ಕ್ಕೆ ಬೆಟ್ಟ ಬಿಟ್ಟರೆ 11ರೊಳಗೆ ಊರು ಸೇರಬಹುದು. ಹೋಟೆಲ್ ರೂಮು ಆಗ ಸಿಗದಿದ್ದರೂ ಸಾಮಾನು ಇಟ್ಟುಕೊಳ್ಳುತ್ತಾರೆ.

ಇನ್ನು ಇಳಿತ. ಪ್ರಾದೊಯಾನೊ ಇರುವುದು 2,100 ಮೀಟರ್ ಎತ್ತರದಲ್ಲಿ, ಗ್ರನಾಡಾ ಸುಮಾರು 700ರಲ್ಲಿ. ಎ-395 ರಸ್ತೆ ಅಷ್ಟನ್ನೂ ಮೂವತ್ತು ಚಿಲ್ಲರೆ ಕಿ.ಮೀ.ನಲ್ಲಿ ಇಳಿಸುತ್ತದೆ. ರಸ್ತೆ ಅಗಲವಾಗಿ, ನುಣ್ಣಗಿರುವುದೇ ಮೋಸ. ಘಾಟಿ ಅನ್ನಿಸುವುದೇ ಇಲ್ಲ, ಟಾಪ್ ಗೇರ್‌ನಲ್ಲೇ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬರುತ್ತಾರೆ. ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಹಳೆಯ ಬ್ರೇಕ್ ಆಯಿಲ್ ನೀರಿನಂಶ ಹೀರಿಕೊಂಡಿದ್ದರೆ ಬೇಗ ಕುದಿಯುತ್ತದೆ, ಪೆಡಲ್ ಒಳಕ್ಕೆ ಹೋಗುತ್ತದೆ. ಮೂರನೇ ಗೇರ್, ತಿರುವಿನಲ್ಲಿ ಎರಡು. ಆಟೊಮ್ಯಾಟಿಕ್ ಆದರೆ ಮ್ಯಾನ್ಯುಯಲ್‌ಗೆ ಹಾಕಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಬೇಕು, ಸವರುತ್ತಾ ಇರಬಾರದು. ಸುಟ್ಟ ವಾಸನೆ ಬಂದರೆ ಸಮತಟ್ಟಾದ ಕಡೆ ನಿಲ್ಲಿಸಿ, ಗೇರ್‌ನಲ್ಲೇ ಬಿಟ್ಟು ಅರ್ಧ ಗಂಟೆ ಆರಲು ಬಿಡಿ. ನೀರು ಸುರಿಯಬೇಡಿ, ಡಿಸ್ಕ್ ಬಿರುಕು ಬಿಡಬಹುದು. ಎಲೆಕ್ಟ್ರಿಕ್ ಕಾರಿದ್ದರೆ ಮೇಲೆ ಬ್ಯಾಟರಿ ಪೂರ್ತಿ ತುಂಬಿಸಬೇಡಿ. ತುಂಬಿದ ಬ್ಯಾಟರಿ ಇಳಿಜಾರಿನ ಶಕ್ತಿ ತೆಗೆದುಕೊಳ್ಳುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಟೈರ್ ಸಿಡಿಯುವುದಕ್ಕೆ ಸೆಕೆಯೊಂದೇ ಕಾರಣವಲ್ಲ, ಗಾಳಿ ಕಡಿಮೆ ಇರುವುದೂ ಕಾರಣ. ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಎರಡು ಅಳತೆಗಳಿರುತ್ತವೆ. ಐದು ಜನ, ದೊಡ್ಡ ಸೂಟ್‌ಕೇಸ್ ಇದ್ದಾಗ ಹೆಚ್ಚಿನದ್ದನ್ನೇ ಹಿಡಿಸಬೇಕು, ಅದೂ ಬೆಳಗ್ಗೆ ಟೈರ್ ತಣ್ಣಗಿರುವಾಗ. ಬೆಟ್ಟದ ಮೇಲೆ ಹೊರಗಿನ ಗಾಳಿಯೊತ್ತಡ ಕಡಿಮೆ, ಅದಕ್ಕೇ ಟೈರ್ ಮೀಟರ್ ಹೆಚ್ಚು ತೋರಿಸುತ್ತದೆ. ಅಲ್ಲಿ ಮೀಟರ್ 2.3 ಬಾರ್ ತೋರಿಸಿದ ಟೈರ್ ಬಯಲಿನಲ್ಲಿ ತಣ್ಣಗಿದ್ದರೆ 2.1 ತೋರಿಸುತ್ತದೆ. ಆದರೆ ಓಡಿ ಕಾದ ಟೈರ್ 2.6, 2.7 ತೋರಿಸುತ್ತದಲ್ಲ, ಎಡವುವುದು ಅಲ್ಲೇ. "ಜಾಸ್ತಿಯಾಯ್ತು" ಅಂತ ಬಂಕ್‌ನಲ್ಲಿ ಗಾಳಿ ಬಿಟ್ಟುಬಿಡುತ್ತಾರೆ. ಆಮೇಲೆ ಟೈರಿನ ಪಕ್ಕ ಮಡಚಿ ಮಡಚಿ ಇನ್ನಷ್ಟು ಕಾದು ಹರಿಯುತ್ತದೆ. ಬಿಸಿ ಟೈರಿನ ಗಾಳಿಯನ್ನು ಮುಟ್ಟಲೇಬೇಡಿ. ಕಾರು ತೆಗೆದುಕೊಳ್ಳುವಾಗಲೇ ಡಿಕ್ಕಿ ತೆಗೆಸಿ ನೋಡಿ: ಎಷ್ಟೋ ಬಾಡಿಗೆ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಅಂಟು ತುಂಬುವ ಕಿಟ್ ಇರುತ್ತದೆ. ಅದು ಮೊಳೆ ಚುಚ್ಚಿದ ತೂತಿಗೆ ಸರಿ, ಪಕ್ಕ ಹರಿದರೆ ಏನೂ ಪ್ರಯೋಜನವಿಲ್ಲ.

ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿನತ್ತ ಹೋದರೆ ಎಸಿ ಆಫ್, ಹೀಟರ್ ಫುಲ್. ಹಿಂಸೆಯೇ, ಆದರೆ ಎಂಜಿನ್ನಿನ ಬಿಸಿ ಒಂದಿಷ್ಟು ಹೊರಹೋಗುತ್ತದೆ. ನಿಂತ ಮೇಲೆ ಕೂಲೆಂಟ್ ಮುಚ್ಚಳ ತೆರೆಯಬೇಡಿ. ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ಕುಡಿಯುವ ನೀರು ಡಿಕ್ಕಿಯಲ್ಲಲ್ಲ, ಸೀಟಿನ ಹತ್ತಿರ ಇರಲಿ. ಗ್ರನಾಡಾದಿಂದ ಕೋರ್ದೊಬಾಗೆ ಹೋಗುವ ಎನ್-432 ರಸ್ತೆ ಹಾದುಹೋಗುವ ಊರುಗಳಲ್ಲಿ ಮಧ್ಯಾಹ್ನ 2ರಿಂದ 5ರವರೆಗೆ ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ. ತುರ್ತಿಗೆ 112.

ಕೋರ್ದೊಬಾ ಹಳೇ ಊರಿನ ಓಣಿಗಳಿಗೆ ಮ್ಯಾಪ್ ಹೇಳಿದ ಹಾಗೆ ನುಗ್ಗಬೇಡಿ. ಅಲ್ಲಿನ ನಿರ್ಬಂಧಿತ ವಲಯದಲ್ಲಿ ಕ್ಯಾಮೆರಾಗಳು ನಂಬರ್ ಪ್ಲೇಟ್ ಓದುತ್ತವೆ. ದಂಡದ ಚೀಟಿ ಮೊದಲು ಬಾಡಿಗೆ ಕಂಪನಿಗೆ ಹೋಗುತ್ತದೆ, ಅವರು ತಮ್ಮ ಶುಲ್ಕವನ್ನೂ ನಿಮ್ಮ ಕಾರ್ಡಿನಿಂದ ಕತ್ತರಿಸಿಕೊಳ್ಳಬಹುದು. ವಲಯದೊಳಗಿನ ಹೋಟೆಲ್ ಆದರೆ ಹೋಗುವ ಮೊದಲೇ ಕಾರಿನ ನಂಬರ್ ಕೊಟ್ಟು ನೋಂದಾಯಿಸಿಕೊಳ್ಳಲು ಹೇಳಿ.