ಗಂಡಿನ ಸಂತಾನೋತ್ಪತ್ತಿ ವ್ಯೂಹದ ಮಾದರಿ: ಪ್ಲಾಸ್ಟಿಕ್ ಚೆನ್ನ, ಪಟ್ಟಿ ತಪ್ಪು

ದ್ವಿತೀಯ ಪಿಯುಸಿಯ ಜೀವಶಾಸ್ತ್ರದಲ್ಲಿ ಮಾನವ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗಲೆಲ್ಲ, ಹದಿನಾಲ್ಕು ವರ್ಷಗಳಿಂದ ನಾನು ಹಲಗೆಯ ಮೇಲೆ ಒಂದೇ ಚಿತ್ರವನ್ನು ಬರೆಯುತ್ತ ಬಂದಿದ್ದೆ: ಎದುರಿನಿಂದ ನೋಡಿದ ಹಾಗೆ ಎರಡು ವೃಷಣ, ಅವುಗಳಿಂದ ಮೇಲೇರಿ ಬಾಗುವ ಎರಡು ನಾಳ, ನಡುವೆ ಮೂತ್ರಕೋಶ. ಮಕ್ಕಳು ಅದನ್ನು ಹಾಗೆಯೇ ಬರೆದು ಅಂಕ ತೆಗೆದುಕೊಳ್ಳುತ್ತಿದ್ದರು. ಆ ನಾಳ ಮೈಯೊಳಗೆ ಎಲ್ಲಿಂದ ಹೊಕ್ಕು ಎಲ್ಲಿ ಇಳಿಯುತ್ತದೆ ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತಿತ್ತು. ಕಳೆದ ವರ್ಷ ಗದಗ ಜಿಲ್ಲೆಯ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಸ್ವಲ್ಪ ಹಣ ಒದಗಿದಾಗ, ಹುಬ್ಬಳ್ಳಿಯಲ್ಲಿ ಪ್ರಯೋಗಾಲಯ ಸಾಮಗ್ರಿ ಮಾರುವ ಅಂಗಡಿಯೊಂದರಲ್ಲಿ 3,850 ರೂಪಾಯಿ ಕೊಟ್ಟು, ಗಂಡಿನ ಕಿಬ್ಬೊಟ್ಟೆಯನ್ನು ನಟ್ಟನಡುವೆ ಸೀಳಿ ತೋರಿಸುವ ಪ್ಲಾಸ್ಟಿಕ್ ಮಾದರಿಯನ್ನು ಕೊಂಡೆ. ಅದನ್ನು ಒಂದು ಇಡೀ ಶೈಕ್ಷಣಿಕ ವರ್ಷ ಎರಡು ವಿಭಾಗಗಳಿಗೆ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವಾಗಲೇ ಅಂಗಡಿಯವರು, "ಇದನ್ನ ಕಾಲೇಜಿನವ್ರು ಒಯ್ಯೂದು ಕಡಿಮಿರೀ ಮೇಡಂ, ನರ್ಸಿಂಗ್‌ನವ್ರ ಜಾಸ್ತಿ ಒಯ್ತಾರ" ಎಂದರು. ಹೃದಯ, ಕಣ್ಣು, ಮೂತ್ರಪಿಂಡಗಳ ಮಾದರಿಗಳು ಗಾಜಿನ ಕಪಾಟಿನಲ್ಲಿದ್ದವು. ಇದು ಮಾತ್ರ ಅಟ್ಟದ ಮೇಲಿಂದ ಇಳಿಯಿತು, ಡಬ್ಬಿಯ ಮೇಲಿನ ಚಿತ್ರಕ್ಕೆ ಹಳೆಯ ಪೇಪರು ಅಂಟಿಸಿಕೊಂಡು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಗದಗಿಗೆ ಬಂದೆ. ಡಬ್ಬಿಯಲ್ಲಿ ಏನಿದೆ ಎಂದು ಕಂಡಕ್ಟರ್ ಕೇಳಿದಾಗ "ಪ್ರಯೋಗಾಲಯದ ಸಾಮಾನು" ಎಂದಷ್ಟೇ ಹೇಳಿದೆ. ಹೃದಯದ ಮಾದರಿಯಾಗಿದ್ದರೆ ಹೃದಯವೆಂದೇ ಹೇಳುತ್ತಿದ್ದೆ ಎಂಬುದು ಊರು ಮುಟ್ಟಿದ ಮೇಲೆ ಹೊಳೆಯಿತು.

ಮಾದರಿ ನಿಜಗಾತ್ರದ್ದು. ಹಲಗೆಯ ಮೇಲೆ ನಿಲ್ಲಿಸಿದ ಅರ್ಧ ಕಿಬ್ಬೊಟ್ಟೆ, ಕಳಚಬಹುದಾದ ಮೂತ್ರಕೋಶ ಮತ್ತು ಅದಕ್ಕಂಟಿದ ಗ್ರಂಥಿಗಳು, ಉದ್ದಕ್ಕೆ ಸೀಳಿದ ಒಂದು ವೃಷಣ, ಅಡ್ಡಕ್ಕೆ ಕತ್ತರಿಸಿದ ಶಿಶ್ನದ ತುಂಡು, ಹೀಗೆ ನಾಲ್ಕು ಭಾಗಗಳಿವೆ. ಬಣ್ಣ ಇನ್ನೂ ಮಾಸಿಲ್ಲ. ಭಾಗಗಳನ್ನು ಹಿಡಿದಿಡುವ ಗೂಟಗಳ ಪೈಕಿ ಒಂದು ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟು ಉದುರಿತು. ಬದಲಿ ಗೂಟ ಕಳಿಸುತ್ತೇವೆ ಎಂದವರು ಇನ್ನೂ ಕಳಿಸಿಲ್ಲವಾದ್ದರಿಂದ ಬೆಂಕಿಕಡ್ಡಿಯೊಂದನ್ನು ಸಿಕ್ಕಿಸಿ ಕೆಲಸ ಸಾಗಿಸಿದ್ದೇನೆ.

ಕೊಟ್ಟ ಹಣಕ್ಕೆ ಮೋಸವಿಲ್ಲ ಎನ್ನಿಸುವುದು ವೀರ್ಯಾಣುಗಳನ್ನು ಒಯ್ಯುವ ಶುಕ್ರನಾಳದ ವಿಷಯದಲ್ಲಿ. ವೃಷಣದ ಹಿಂಬದಿಗೆ ಅರ್ಧಚಂದ್ರದಂತೆ ಅಂಟಿಕೊಂಡಿರುವ ಎಪಿಡಿಡಿಮಿಸ್‌ನಿಂದ ಹೊರಟ ಬಿಳಿಯ ನಾಳವೊಂದು ಮೇಲೇರಿ, ತೊಡೆಸಂದಿಯ ಕಾಲುವೆಯ ಮೂಲಕ ಹೊಟ್ಟೆಯೊಳಗೆ ಹೊಕ್ಕು, ಮೂತ್ರಕೋಶದ ಪಕ್ಕದಿಂದ ಹಿಂದಕ್ಕೆ ಸಾಗಿ, ಮೂತ್ರಪಿಂಡದಿಂದ ಇಳಿದು ಬರುವ ಯುರೆಟರನ್ನು ದಾಟಿ, ಮೂತ್ರಕೋಶದ ಬೆನ್ನಿಗೆ ಇಳಿಯುತ್ತದೆ. ಅಲ್ಲಿ ಸೆಮಿನಲ್ ವೆಸಿಕಲ್ ಎಂಬ ಗ್ರಂಥಿಯ ನಾಳವನ್ನು ಕೂಡಿಕೊಂಡು ಪ್ರಾಸ್ಟೇಟ್ ಗ್ರಂಥಿಯನ್ನು ತೂರಿ, ಮೂತ್ರಕೋಶದಿಂದ ಹೊರಹೋಗುವ ಯುರೆಥ್ರಾಕ್ಕೆ ತೆರೆದುಕೊಳ್ಳುತ್ತದೆ. ಮಾದರಿಯಲ್ಲಿ ಇದನ್ನು ಬೆರಳಿನಿಂದ ಸವರುತ್ತ ಹೋಗಬಹುದು. ಗೋಣಿಚೀಲ ಹೊಲಿಯುವ ಹುರಿಯಷ್ಟು ದಪ್ಪದ ಈ ನಾಳ ಇಂಥ ಸುತ್ತು ಹಾಕುತ್ತದೆ ಎಂಬುದನ್ನು ಹಲಗೆಯ ಚಿತ್ರ ಎಂದೂ ಹೇಳಲಾರದು. "ಇಷ್ಟು ದೂರ ಹೊಟ್ಟ್ಯಾಗ ಹೋಗಿ ತಿರುಗಿ ಬರ್ತೈತೇನ್ರೀ ಮೇಡಂ?" ಎಂದು ಹುಡುಗನೊಬ್ಬ ಕೇಳಿದ. ಸುತ್ತಿಗೆ ಕಾರಣವೂ ಇದೆ. ಭ್ರೂಣದಲ್ಲಿ ವೃಷಣಗಳು ಹುಟ್ಟುವುದು ಹೊಟ್ಟೆಯ ಹಿಂಗೋಡೆಯಲ್ಲಿ, ಮೂತ್ರಪಿಂಡಗಳ ಸಮೀಪದಲ್ಲಿ. ಸಾಮಾನ್ಯವಾಗಿ ಹುಟ್ಟುವ ಮೊದಲೇ ಅವು ಕೆಳಗಿಳಿದು ವೃಷಣಚೀಲಕ್ಕೆ ಬರುತ್ತವೆ, ಬರುವಾಗ ತಮ್ಮ ರಕ್ತನಾಳಗಳನ್ನೂ ಶುಕ್ರನಾಳವನ್ನೂ ಎಳೆದುಕೊಂಡೇ ಬರುತ್ತವೆ. ಕೆಲವು ಗಂಡುಮಕ್ಕಳಲ್ಲಿ ವೃಷಣ ಇಳಿಯದೆ ನಡುದಾರಿಯಲ್ಲಿ ಉಳಿಯುವುದೇಕೆ, ಗಂಡಸರಿಗೆ ತೊಡೆಸಂದಿಯ ಹರ್ನಿಯಾ ಹೆಚ್ಚೇಕೆ ಎಂಬ ಎರಡು ಪ್ರಶ್ನೆಗಳಿಗೂ ಆ ಕಾಲುವೆಯ ಮೇಲೆ ಬೆರಳಿಟ್ಟೇ ಉತ್ತರ ಹೇಳಬಹುದು.

ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಕತ್ತರಿಸುವ ಜಾಗ ವೃಷಣಚೀಲದ ಮೇಲ್ಭಾಗದಲ್ಲಿ, ಚರ್ಮದಿಂದ ಸ್ವಲ್ಪವೇ ಒಳಗಿದೆ. ಹೊಟ್ಟೆಯನ್ನು ತೆರೆಯುವ ಪ್ರಮೇಯವೇ ಇಲ್ಲ. ವೀರ್ಯದ ಬಹುಪಾಲು ದ್ರವ, ಅಂದರೆ ಸುಮಾರು 60ರಿಂದ 70 ಶೇಕಡಾ, ಸೇರುವುದು ಕತ್ತರಿಸಿದ ಜಾಗದಿಂದ ಬಹಳ ಮುಂದೆ, ಸೆಮಿನಲ್ ವೆಸಿಕಲ್‌ಗಳಿಂದ. ಉಳಿದುದರ ಹೆಚ್ಚಿನ ಪಾಲು ಪ್ರಾಸ್ಟೇಟಿನದು. ವೃಷಣದಿಂದ ಬರುವ ಪಾಲು ಅತ್ಯಲ್ಪವಾದ್ದರಿಂದ ಶಸ್ತ್ರಚಿಕಿತ್ಸೆಯ ನಂತರವೂ ವೀರ್ಯದ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಟೆಸ್ಟೋಸ್ಟೆರಾನ್ ಹಾರ್ಮೋನಂತೂ ಈ ನಾಳದಲ್ಲಿ ಹೋಗುವುದೇ ಇಲ್ಲ, ನೇರವಾಗಿ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಗಂಡಸಿನ ಕಸುವು ಕುಂದುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ನಾಳದಲ್ಲಿ ಮೊದಲೇ ಉಳಿದ ವೀರ್ಯಾಣುಗಳು ಹೊರಹೋಗಬೇಕಾದ್ದರಿಂದ ಸುಮಾರು 3 ತಿಂಗಳ ನಂತರ ಪರೀಕ್ಷೆ ಮಾಡಿಸಿಯೇ ನಿಶ್ಚಿಂತರಾಗಬೇಕು ಎಂಬುದೂ ಮಾದರಿಯನ್ನು ನೋಡಿದರೆ ತಾನಾಗಿ ತಿಳಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಿವಾಹಿತ ದಂಪತಿಗಳ ಪೈಕಿ ಹೆಣ್ಣು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದು 37.9 ಶೇಕಡಾ, ಗಂಡು ಮಾಡಿಸಿಕೊಂಡಿದ್ದು 0.3 ಶೇಕಡಾ. ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಮಾದರಿಯನ್ನು ಮೇಜಿನ ಮೇಲಿಟ್ಟು ನಾನು ಏನೂ ಮಾತನಾಡದೆ ನಿಂತೆ. ಹಿಂದಿನ ಸಾಲಿನ ಹುಡುಗಿಯರೇ ಮಾತು ತೆಗೆದರು.

ಪ್ರಾಸ್ಟೇಟನ್ನೂ ಮಾದರಿ ಚೆನ್ನಾಗಿ ತೋರಿಸುತ್ತದೆ. ಸುಮಾರು 20 ಗ್ರಾಂ ತೂಗುವ, ಅಕ್ರೋಟಿನ ಗಾತ್ರದ ಈ ಗ್ರಂಥಿಯನ್ನು ಯುರೆಥ್ರಾ ನಟ್ಟನಡುವೆ ತೂರಿ ಹೋಗುತ್ತದೆ. ವಯಸ್ಸಾದಂತೆ ಗ್ರಂಥಿ ಊದಿಕೊಂಡರೆ ಮೂತ್ರದ ದಾರಿ ಇಕ್ಕಟ್ಟಾಗುವುದು ಸಹಜವೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ನಮ್ಮ ಪ್ರಯೋಗಾಲಯದ ಸಹಾಯಕರು ಮಾದರಿ ಒರೆಸುತ್ತಿದ್ದವರು ಅಲ್ಲಿಯೇ ಕೈ ನಿಲ್ಲಿಸಿ, "ನಮ್ಮಪ್ಪಗ ಆಪರೇಷನ್ ಆಗಿದ್ದು ಇಲ್ಲೇ ಏನ್ರೀ? ಹೊಟ್ಟಿ ಕೊಯ್ಯದ ಹೆಂಗ ಮಾಡಿದ್ರು ಅಂತ ನನಗ ತಿಳಿದಿದ್ದಿಲ್ಲ" ಎಂದರು. ದಾರಿ ಯುರೆಥ್ರಾವೇ ಎಂದು ತೋರಿಸಿದೆ. ಗಂಡಿನಲ್ಲಿ ಅದರ ಉದ್ದ 18ರಿಂದ 20 ಸೆಂಟಿಮೀಟರ್, ಹೆಣ್ಣಿನಲ್ಲಿ ಕೇವಲ 4. ಮೂತ್ರದ ಸೋಂಕು ಹೆಂಗಸರಿಗೇ ಹೆಚ್ಚು ಕಾಡುವುದಕ್ಕೆ ಇದೂ ಒಂದು ಕಾರಣ. ಅಡ್ಡಕ್ಕೆ ಕತ್ತರಿಸಿದ ಶಿಶ್ನದ ತುಂಡಿನಲ್ಲಿ ಮೇಲೆ ಜೋಡಿಯಾಗಿ ಎರಡು, ಕೆಳಗೆ ಯುರೆಥ್ರಾವನ್ನು ಒಳಗೊಂಡ ಒಂದು, ಒಟ್ಟು ಮೂರು ಸ್ಪಂಜಿನಂಥ ಅಂಗಾಂಶದ ಕಂಬಗಳು ಸ್ಪಷ್ಟವಾಗಿವೆ. ಅಲ್ಲಿ ಮೂಳೆ ಇಲ್ಲ, ನಡೆಯುವುದೆಲ್ಲ ರಕ್ತ ತುಂಬುವುದರಿಂದ ಎಂದು ಹೇಳಿ ಮುಂದೆ ಹೋಗಲು ಅಷ್ಟು ಸಾಕು.

ವೃಷಣದ ಭಾಗ ಮಾತ್ರ ನಿರಾಸೆ ತರುತ್ತದೆ. ಸುಮಾರು 4ರಿಂದ 5 ಸೆಂಟಿಮೀಟರ್ ಉದ್ದದ ನಿಜವಾದ ವೃಷಣದಲ್ಲಿ 250ರಷ್ಟು ಕಿರುಕೋಣೆಗಳಿದ್ದು, ಒಂದೊಂದರಲ್ಲೂ ಒಂದರಿಂದ ಮೂರು ಶುಕ್ರೋತ್ಪಾದಕ ನಳಿಕೆಗಳು ಸುರುಳಿ ಸುತ್ತಿಕೊಂಡಿರುತ್ತವೆ. ಮಾದರಿಯಲ್ಲಿ ಕಾಣುವುದು ಕಿತ್ತಳೆ ತೊಳೆಗಳಂಥ ಎಂಟು ಭಾಗಗಳು, ಅವುಗಳ ಮೇಲೆ ಸೂಜಿಯಿಂದ ಗೀರಿದ ಹಾಗೆ ಕೆಲವು ಗೆರೆಗಳು. ಎಪಿಡಿಡಿಮಿಸ್ ಒಂದು ನಯವಾದ ಉಬ್ಬು, ಅಷ್ಟೇ. ಅದರೊಳಗಿನ ಒಂದೇ ಒಂದು ನಾಳವನ್ನು ಬಿಡಿಸಿ ಚಾಚಿದರೆ ಸುಮಾರು 6 ಮೀಟರ್ ಆಗುತ್ತದೆ, ಬೆಟಗೇರಿಯ ಮಗ್ಗದಿಂದ ಇಳಿದ ಆರು ಗಜದ ಸೀರೆಗಿಂತ ತುಸು ಹೆಚ್ಚು. ಇದನ್ನು ತೋರಿಸಲು ನಾನು ಒಂದು ಹುರಿಯನ್ನೇ ಅಳೆದು, ಉಂಡೆ ಮಾಡಿ ಮಾದರಿಯ ಪಕ್ಕ ಇಡಬೇಕಾಯಿತು. ವೀರ್ಯಾಣು ರೂಪುಗೊಳ್ಳಲು ತಗಲುವ ಸುಮಾರು 74 ದಿನಗಳನ್ನಾಗಲಿ, ಅವುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳನ್ನಾಗಲಿ, ನಳಿಕೆಗಳ ನಡುವೆ ಕುಳಿತು ಹಾರ್ಮೋನ್ ತಯಾರಿಸುವ ಲೈಡಿಗ್ ಕೋಶಗಳನ್ನಾಗಲಿ ಪ್ಲಾಸ್ಟಿಕ್ಕಿನಿಂದ ನಿರೀಕ್ಷಿಸುವುದು ತಪ್ಪು. ಅದಕ್ಕೆ ಇಲಿಯ ವೃಷಣದ ಸ್ಲೈಡನ್ನು ಜೊತೆಗೇ ಕೊಳ್ಳಬೇಕು.

ಆದರೆ ರಕ್ತನಾಳಗಳ ವಿಷಯದಲ್ಲಿ ಮಾಡಿರುವ ಜಿಪುಣತನವನ್ನು ಒಪ್ಪಲಾರೆ. ವೀರ್ಯಾಣುಗಳ ಉತ್ಪತ್ತಿಗೆ ಮೈಯ ಉಷ್ಣಾಂಶಕ್ಕಿಂತ 2ರಿಂದ 2.5 ಡಿಗ್ರಿ ಸೆಲ್ಸಿಯಸ್ ಕಡಿಮೆ ಇರಬೇಕು. ಚೀಲ ಹೊರಗೆ ಜೋತುಬಿದ್ದಿರುವುದು, ಚಳಿಗೆ ಮುದುಡಿ ಸೆಕೆಗೆ ಸಡಿಲವಾಗುವುದು ಅದಕ್ಕಾಗಿ. ಅಷ್ಟೇ ಮುಖ್ಯವಾದುದು, ಒಳಬರುವ ಅಪಧಮನಿಯನ್ನು ಅಭಿಧಮನಿಗಳ ಒಂದು ಬಲೆಯೇ ಸುತ್ತುವರಿದು, ಹಿಂತಿರುಗುವ ತಣ್ಣನೆಯ ರಕ್ತದಿಂದ ಬರುವ ಬಿಸಿ ರಕ್ತವನ್ನು ತಂಪು ಮಾಡುವ ಏರ್ಪಾಡು. ಮಾದರಿಯಲ್ಲಿ ಆ ಬಲೆಯ ಬದಲು ಒಂದು ಕೆಂಪು ಗೆರೆ, ಒಂದು ನೀಲಿ ಗೆರೆ ಎಳೆದು ಮುಗಿಸಿದ್ದಾರೆ. ಬಲೆ ಇದ್ದಿದ್ದರೆ ಅದು ಊದಿಕೊಳ್ಳುವ ವೆರಿಕೋಸೀಲ್ ತೊಂದರೆಯನ್ನೂ ಅಲ್ಲಿಯೇ ಹೇಳಬಹುದಿತ್ತು: ಎಡ ವೃಷಣದ ಅಭಿಧಮನಿ ಎಡ ಮೂತ್ರಪಿಂಡದ ಅಭಿಧಮನಿಯನ್ನು ಲಂಬವಾಗಿ ಸೇರುತ್ತದೆ, ಬಲದ್ದು ನೇರವಾಗಿ ದೊಡ್ಡ ಅಭಿಧಮನಿಗೆ ಹೋಗುತ್ತದೆ, ಆದ್ದರಿಂದ ಊತ ಎಡಕ್ಕೇ ಹೆಚ್ಚು. ನಡುವೆ ಸೀಳಿದ ಮಾದರಿಯಾದ್ದರಿಂದ ಎಡ, ಬಲ ಎಂಬ ಮಾತೇ ಇಲ್ಲಿ ಏಳುವುದಿಲ್ಲ. ಜೋಡಿ ಅಂಗಗಳೆಲ್ಲ ಒಂಟಿಯಾಗಿವೆ. ಹಲಗೆಯ ಮೇಲಿನ ನನ್ನ ಹಳೆಯ ಚಿತ್ರ ಆ ಮಟ್ಟಿಗೆ ಇನ್ನೂ ಕೆಲಸಕ್ಕೆ ಬರುತ್ತದೆ.

ಇನ್ನು ಕನ್ನಡ ಪಟ್ಟಿ. ಮಾದರಿಯ ಮೇಲೆ 1ರಿಂದ 31ರವರೆಗೆ ಅಂಕಿಗಳಿದ್ದು, ತಯಾರಕರ ಇಂಗ್ಲಿಷ್ ಪಟ್ಟಿಯ ಜೊತೆ ಅಂಗಡಿಯವರು ತಾವೇ ಮುದ್ರಿಸಿದ ಕನ್ನಡ ಹಾಳೆಯೊಂದನ್ನು ಕೊಡುತ್ತಾರೆ. ಯೋಚನೆ ಮೆಚ್ಚುವಂಥದ್ದು, ಹಾಳೆ ಅಲ್ಲ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ಯುರೆಟರ್ ಮತ್ತು ಮೂತ್ರಕೋಶದಿಂದ ಹೊರಹೋಗುವ ಯುರೆಥ್ರಾ ಎರಡಕ್ಕೂ 'ಮೂತ್ರನಾಳ' ಎಂದೇ ಬರೆದಿದ್ದಾರೆ. ಒಂದರಲ್ಲಿ ವೀರ್ಯವೂ ಹರಿಯುತ್ತದೆ, ಇನ್ನೊಂದರಲ್ಲಿ ಹರಿಯುವುದಿಲ್ಲ ಎಂಬ ಪಾಠದ ತಿರುಳೇ ಹೀಗೆ ಕಳೆದುಹೋಗುತ್ತದೆ. ಶುಕ್ರನಾಳವನ್ನು 'ರಕ್ತನಾಳ' ಮಾಡಿದ್ದಾರೆ. ಸೆಮಿನಲ್ ವೆಸಿಕಲ್‌ಗೆ 'ವೀರ್ಯಾಣು ಸಂಗ್ರಹ ಚೀಲ' ಎಂಬ ಹೆಸರು. ಈ ತಪ್ಪಿಗೆ ಅಂಗಡಿಯವರನ್ನೊಬ್ಬರನ್ನೇ ದೂರುವಂತಿಲ್ಲ, ಏಕೆಂದರೆ ಅಲ್ಲಿ ವೀರ್ಯ ಸಂಗ್ರಹವಾಗುತ್ತದೆ ಎಂಬ ಹಳೆಯ ಊಹೆ ಮೂಲ ಹೆಸರಿನಲ್ಲಿಯೇ ಅಂಟಿಕೊಂಡಿದೆ. ವೀರ್ಯಾಣುಗಳು ಕಾದಿರುವುದು ಎಪಿಡಿಡಿಮಿಸ್‌ನ ಬಾಲದಲ್ಲಿ. ಸೆಮಿನಲ್ ವೆಸಿಕಲ್ ಫ್ರಕ್ಟೋಸ್ ಸಕ್ಕರೆಯುಳ್ಳ ದ್ರವವನ್ನು ತಯಾರಿಸುವ ಗ್ರಂಥಿ ಮಾತ್ರ.

ಎಲ್ಲಕ್ಕಿಂತ ಕೆಟ್ಟದ್ದು, ಹಾಳೆಯುದ್ದಕ್ಕೂ ವೀರ್ಯ ಮತ್ತು ವೀರ್ಯಾಣು ಎಂಬ ಎರಡು ಪದಗಳನ್ನು ಒಂದರ ಬದಲು ಒಂದು ಬಳಸಿರುವುದು. ನಮ್ಮ ಕಡೆ ಇದು ಬರೀ ಕಾಗುಣಿತದ ಪ್ರಶ್ನೆಯಲ್ಲ. ಏಳು ಧಾತುಗಳಲ್ಲಿ ಕೊನೆಯದು ಶುಕ್ರ, ರಕ್ತದ ಎಷ್ಟೋ ಹನಿ ಸೇರಿ ಅದರ ಒಂದು ಹನಿಯಾಗುತ್ತದೆ ಎಂದು ನಂಬಿ, 'ಧಾತು ಹೊಂಟೈತಿ' ಎಂದು ಕೊರಗುವ ಹುಡುಗರು ಇಂದಿಗೂ ಇದ್ದಾರೆ. ಆ ಕೊರಗನ್ನೇ ನೆಚ್ಚಿಕೊಂಡ ಗೋಡೆ ಜಾಹೀರಾತುಗಳೂ ಇವೆ. ಈ ಆತಂಕಕ್ಕೆ ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿಯೇ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟಿದ್ದರು. ವೀರ್ಯವೆಂದರೆ ಹೆಚ್ಚಾಗಿ ಗ್ರಂಥಿಗಳ ದ್ರವ, ವೀರ್ಯಾಣುಗಳು ಅದರಲ್ಲಿ ಈಜುವ ಜೀವಕೋಶಗಳು, ಎರಡನ್ನೂ ದೇಹ ದಿನವೂ ಹೊಸದಾಗಿ ತಯಾರಿಸುತ್ತಿರುತ್ತದೆ ಎಂಬ ಸರಳ ಸಂಗತಿಯನ್ನು ಈ ಮಾದರಿ ಬಣ್ಣಗಳಲ್ಲಿ ಸರಿಯಾಗಿಯೇ ತೋರಿಸುತ್ತಿರುವಾಗ, ಪಕ್ಕದ ಹಾಳೆ ಅದನ್ನು ಕೆಡಿಸುತ್ತದೆ.

ಗಂಡು ಹೆಣ್ಣು ಇಬ್ಬರೂ ಕೂಡಿ ಕೂರುವ ತರಗತಿಗೆ, ನರ್ಸಿಂಗ್ ಶಾಲೆಗೆ, ಆಪ್ತಸಮಾಲೋಚನೆ ನಡೆಯುವ ಆರೋಗ್ಯ ಕೇಂದ್ರದ ಮೇಜಿಗೆ ಈ ಮಾದರಿಯನ್ನು ನಾನು ಶಿಫಾರಸು ಮಾಡುತ್ತೇನೆ. ವೈದ್ಯಕೀಯ ಕಾಲೇಜಿನವರಿಗೆ ಇದು ಸಾಲದು. ಕೊಳ್ಳುವ ಮುನ್ನ ಗೂಟಗಳನ್ನು ಅಲುಗಾಡಿಸಿ ನೋಡಿ, ಶುಕ್ರನಾಳವನ್ನು ಬಿಡಿಯಾಗಿ ಎರಕ ಹೊಯ್ದಿದ್ದಾರೋ ಬರೀ ಬಣ್ಣ ಬಳಿದಿದ್ದಾರೋ ಎಂದು ಉಗುರಿನಿಂದ ಪರೀಕ್ಷಿಸಿ. ಅಗ್ಗದ ಮಾದರಿಗಳಲ್ಲಿ ಅದು ಬರೀ ಬಣ್ಣ. ಕನ್ನಡ ಹಾಳೆಯನ್ನು ನಾನು ಹೊಸದಾಗಿ ಬರೆದು, 31 ಹೆಸರುಗಳನ್ನೂ ತಿದ್ದಿ, ಡಿಸೆಂಬರಿನಲ್ಲಿ ಹುಬ್ಬಳ್ಳಿಗೆ ಹೋದಾಗ ಒಂದು ಪ್ರತಿಯನ್ನು ಅಂಗಡಿಯಲ್ಲಿ ಕೊಟ್ಟು ಬಂದೆ. "ಚಲೋ ಆತ್ರೀ ಮೇಡಂ" ಎಂದು ಅವರು ಅದನ್ನು ಮಡಚಿ ಗಲ್ಲಾಪೆಟ್ಟಿಗೆಯಲ್ಲಿಟ್ಟರು. ಮೊನ್ನೆ ನೆರೆಯ ಕಾಲೇಜಿನವರು ಅಲ್ಲಿಂದಲೇ ಇದೇ ಮಾದರಿಯನ್ನು ತಂದಿದ್ದಾರೆ. ಡಬ್ಬಿಯಲ್ಲಿದ್ದದ್ದು ಹಳೆಯ ಹಾಳೆ.