ಯೇಡ್‌ನಲ್ಲಿ ಮರಳಿನ ಶಿಯರ್ ಟೆಸ್ಟ್: ಕೆಲವು ವರ್ಷ ಬಳಸಿದ ಮೇಲೆ

ಡೈರೆಕ್ಟ್ ಶಿಯರ್ ಟೆಸ್ಟ್ ಎಂದರೆ ಎರಡು ತುಂಡಿನ ಪೆಟ್ಟಿಗೆಗೆ ಮರಳು ತುಂಬಿ, ಮೇಲಿನಿಂದ ಹೊರೆ ಹೇರಿ, ಒಂದು ತುಂಡನ್ನು ಪಕ್ಕಕ್ಕೆ ಸರಿಸಿ, ಮರಳು ಎಷ್ಟು ತಡೆಯುತ್ತದೆಂದು ಅಳೆಯುವುದು. ಎಂ-ಸ್ಯಾಂಡಿನ ಈ ಟೆಸ್ಟನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಲು ಕೆಲವು ವರ್ಷಗಳಿಂದ ಯೇಡ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಕೋಡ್ ಮುಕ್ತವಾಗಿದೆ. ಒಳಗೆಲ್ಲ ಸಿ ಪ್ಲಸ್ ಪ್ಲಸ್, ನಮಗೆ ಕಾಣುವುದು ಪೈಥಾನ್. ಉಬುಂಟುವಿನಲ್ಲಿ ಒಂದೇ ಕಮಾಂಡಿಗೆ ಇನ್‌ಸ್ಟಾಲ್ ಆಗುತ್ತದೆ. ಆದರೆ ಮೌಸ್ ಹಿಡಿದು ಪೆಟ್ಟಿಗೆ ಎಳೆಯುತ್ತೇನೆ ಎನ್ನುವವರಿಗೆ ಇದು ಹೇಳಿದ್ದಲ್ಲ. ಪೆಟ್ಟಿಗೆಯ ಗೋಡೆಯಿಂದ ಹಿಡಿದು ಎಲ್ಲವನ್ನೂ ಸ್ಕ್ರಿಪ್ಟಿನಲ್ಲೇ ಬರೆಯಬೇಕು.

ಮರಳನ್ನು ಒಂದೇ ಮುದ್ದೆಯಾಗಿ ನೋಡದೆ ಪ್ರತಿ ಕಾಳಿನ ಚಲನೆಯನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುವ ಈ ವಿಧಾನವನ್ನು ಕುಂಡಾಲ್ ಮತ್ತು ಸ್ಟ್ರ್ಯಾಕ್ 1979ರಲ್ಲಿ ಪ್ರಕಟಿಸಿದರು. ಕಾಳುಗಳು ತಾಗಿದಾಗ ಎಷ್ಟು ಬಲ ಹುಟ್ಟುತ್ತದೆಂದು ಹೇಳುವ ಯೇಡ್‌ನ ಮೂಲ ಸಂಪರ್ಕ ನಿಯಮಕ್ಕೆ ಇಂದಿಗೂ ಅವರದೇ ಹೆಸರು.

ಶುರು ಮಾಡುವ ಮುನ್ನ ಒಂದು ಲೆಕ್ಕ ಹಾಕಿಕೊಳ್ಳಿ. 60 ಮಿ.ಮೀ. ಚೌಕದ, 25 ಮಿ.ಮೀ. ದಪ್ಪದ ಮಾದರಿಯಲ್ಲಿ 60 ಶೇಕಡಾ ಘನ ಭಾಗವಿದ್ದರೆ, 1 ಮಿ.ಮೀ. ವ್ಯಾಸದ ಕಾಳುಗಳೇ ಲಕ್ಷ ದಾಟುತ್ತವೆ. 2 ಮಿ.ಮೀ. ಮಾಡಿಕೊಂಡರೆ ಹದಿಮೂರು ಸಾವಿರಕ್ಕೆ ಇಳಿಯುತ್ತದೆ. ಇನ್ನು ಕಾಲದ ಹೆಜ್ಜೆ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಮುಂದೆ ಸಾಗುವ ಪುಟ್ಟ ಅವಧಿ. ಕ್ವಾರ್ಟ್ಜ್‌ನ ನಿಜವಾದ ಗಡಸುತನ (ಇಲ್ಲಿ ಯಂಗ್ ಮಾಡ್ಯುಲಸ್, ಒತ್ತಿದರೆ ಎಷ್ಟು ಕಡಿಮೆ ಕುಗ್ಗುತ್ತದೆ ಎಂಬುದರ ಅಳತೆ), ಅಂದರೆ ಸುಮಾರು 70 ಗಿಗಾಪ್ಯಾಸ್ಕಲ್ ಕೊಟ್ಟರೆ, ಒಂದು ಹೆಜ್ಜೆ ಸೆಕೆಂಡಿನ ಕೋಟಿಯಲ್ಲೊಂದು ಪಾಲು. ಲ್ಯಾಬಿನಲ್ಲಿ ನಿಮಿಷಕ್ಕೆ 0.25 ಮಿ.ಮೀ.ಯಂತೆ 10 ಮಿ.ಮೀ. ಸರಿಸಲು 40 ನಿಮಿಷ ಬೇಕು. ಅದನ್ನು ಹಾಗೇ ನಕಲು ಮಾಡಹೊರಟರೆ ಸುಮಾರು 2,400 ಕೋಟಿ ಹೆಜ್ಜೆ! ಯಾರ ಕಂಪ್ಯೂಟರೂ ಅಷ್ಟು ಕಾಯುವುದಿಲ್ಲ.

ಹಾಗಾಗಿ ಎಲ್ಲರೂ ಎರಡು ಕಡೆ ರಾಜಿಯಾಗುತ್ತಾರೆ. ಗಡಸುತನವನ್ನು 100 ಮೆಗಾಪ್ಯಾಸ್ಕಲ್‌ಗೆ ಇಳಿಸುತ್ತಾರೆ. ಹೊರೆ 100 ಕಿಲೋಪ್ಯಾಸ್ಕಲ್ ಇದ್ದರೆ ಅದು ಇನ್ನೂ ಸಾವಿರ ಪಟ್ಟು ಗಡಸೇ, ಕಾಳುಗಳು ಒಂದರೊಳಗೊಂದು ಹೂತುಕೊಳ್ಳುವುದು ನಗಣ್ಯ. ವೇಗವನ್ನು ಸೆಕೆಂಡಿಗೆ 10 ಮಿ.ಮೀ. ಇಟ್ಟರೂ ಜಡತ್ವ ಸಂಖ್ಯೆ 0.001ಕ್ಕಿಂತ ಕೆಳಗೇ ಉಳಿಯುತ್ತದೆ, ಅಂದರೆ ಆತುರದಿಂದ ಸರಿಸಿದ್ದರ ಪ್ರಭಾವ ಫಲಿತಾಂಶದಲ್ಲಿ ಕಾಣುವಷ್ಟಿರುವುದಿಲ್ಲ. ಹೆಜ್ಜೆಗಳ ಎಣಿಕೆ ಕೋಟಿಗಳಿಂದ ಲಕ್ಷಗಳಿಗೆ ಬರುತ್ತದೆ. ಈ ರಾಜಿಯನ್ನು ವರದಿಯಲ್ಲಿ ಬರೆಯದವರ ಗ್ರಾಫನ್ನು ನಾನು ನಂಬುವುದಿಲ್ಲ.

ದೊಡ್ಡ ತಲೆನೋವೆಂದರೆ ಆಕಾರ. ಯೇಡ್‌ನಲ್ಲಿ ಸುಲಭಕ್ಕೆ ಸಿಗುವುದು ಗೋಲಿ. ಗೋಲಿ ಉರುಳುತ್ತದೆ, ಕ್ರಷರಿನಿಂದ ಬಂದ ಎಂ-ಸ್ಯಾಂಡಿನ ಮೂಲೆಮೂಲೆಯ ಕಾಳು ಹಾಗೆ ಉರುಳುವುದಿಲ್ಲ. ಕಾಳುಗಳ ನಡುವಿನ ಘರ್ಷಣೆಯನ್ನು ಎಷ್ಟು ಏರಿಸಿದರೂ, ಚೆನ್ನಾಗಿ ಸರಿದ ಮೇಲಿನ ಒಟ್ಟು ಘರ್ಷಣ ಕೋನ (ಇಡೀ ಮರಳು ಸರಿಯದಂತೆ ತಡೆಯುವ ಶಕ್ತಿಯ ಅಳತೆ) ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮೂವತ್ತು ದಾಟಿಸಬೇಕೆಂದರೆ ಉರುಳುವಿಕೆಗೆ ತಡೆ ಕೊಡುವ ನಿಯಮ ಹಾಕಬೇಕು, ಇಲ್ಲವೇ ನಾಲ್ಕಾರು ಗೋಲಿ ಅಂಟಿಸಿ ಒಂದೇ ಕಾಳಾಗಿಸಬೇಕು, ಇದಕ್ಕೆ ಕ್ಲಂಪ್ ಎನ್ನುತ್ತಾರೆ.

ಇಲ್ಲೇ ಜನ ತಮಗೆ ತಾವೇ ಮೋಸ ಮಾಡಿಕೊಳ್ಳುವುದು. ಘರ್ಷಣೆ ಒಂದಿಷ್ಟು, ಉರುಳು ತಡೆ ಒಂದಿಷ್ಟು ತಿರುವಿದರೆ ಲ್ಯಾಬಿನ ಯಾವ ಕರ್ವಿಗೂ ಹೊಂದಿಸಬಹುದು. ಬೇರೆ ಹೊರೆಯಲ್ಲಿ ಓಡಿಸಿ ಸರಿಬಂತು ಎಂದರೂ ಅದು ದೊಡ್ಡ ಪುರಾವೆಯಲ್ಲ. ಅಂಟಿಲ್ಲದ ಮರಳಿನಲ್ಲಿ ಸರಿಸಲು ಬೇಕಾದ ಬಲಕ್ಕೂ ಮೇಲಿನ ಹೊರೆಗೂ ಇರುವ ಅನುಪಾತ ಹೇಗೂ ಹೆಚ್ಚು ಬದಲಾಗದು. ಘರ್ಷಣೆ, ಉರುಳು ತಡೆಗಳ ಸಂಖ್ಯೆಗಳನ್ನು ಮುಟ್ಟದೆ, ಸಡಿಲ ಮಾದರಿಯೊಂದನ್ನೂ ಒತ್ತಾದ ಮಾದರಿಯೊಂದನ್ನೂ ಓಡಿಸಿ ನೋಡಿ. ಒತ್ತಾದದ್ದು ಹಿಗ್ಗಬೇಕು, ಅದರ ತಡೆ ಶಿಖರ ಮುಟ್ಟಿ ಕೆಳಗಿಳಿಯಬೇಕು; ಸಡಿಲದ್ದು ಕುಗ್ಗುತ್ತಾ ಹೋಗಬೇಕು; ಕೊನೆಗೆ ಎರಡರ ತಡೆಯೂ ಒಂದೇ ಮಟ್ಟಕ್ಕೆ ಬರಬೇಕು. ಹಿಗ್ಗುವಿಕೆಯ ಗೆರೆಯೂ ಲ್ಯಾಬಿನದಕ್ಕೆ ಹತ್ತಿರ ಬಂದರೆ ಮಾತ್ರ ನಿಮ್ಮ ಕಂಪ್ಯೂಟರ್ ಮಾದರಿಯನ್ನು ಒಪ್ಪಬಹುದು.

ಒಪ್ಪುವಂತಾದ ಮೇಲೆ ಸಿಗುವುದು ಲ್ಯಾಬಿನ ಶಿಯರ್ ಪೆಟ್ಟಿಗೆ ಕೊಡದ್ದು: ಹೊರೆ ಯಾವ ಕಾಳುಗಳ ಸರಪಳಿಯಲ್ಲಿ ಇಳಿಯುತ್ತಿದೆ, ಸರಿಯುವ ಪಟ್ಟಿ ಎಷ್ಟು ಕಾಳುಗಳಷ್ಟು ದಪ್ಪ, ಒಂದು ಕಾಳಿಗೆ ಸರಾಸರಿ ಎಷ್ಟು ನೆರೆಕಾಳು. ಇದಕ್ಕಾಗಿಯೇ ನಾನು ಇದನ್ನು ಬಿಟ್ಟಿಲ್ಲ. ಅಡಿಪಾಯದ ಲೆಕ್ಕಕ್ಕೆ ಒಂದು ಘರ್ಷಣ ಕೋನ ಸಾಕು ಎನ್ನುವವರು ಡೈರೆಕ್ಟ್ ಶಿಯರ್ ಟೆಸ್ಟಿನ ಭಾರತೀಯ ಮಾನಕವಾದ ಐಎಸ್ 2720ರ 13ನೇ ಭಾಗ ಹಿಡಿದು ಲ್ಯಾಬಿಗೆ ಹೋಗಿ, ಬೇಗ ಮುಗಿಯುತ್ತದೆ.

ಹೊಸಬರಿಗೆ ಕೆಲವು ಎಚ್ಚರಿಕೆ. ಘರ್ಷಣ ಕೋನವನ್ನು ರೇಡಿಯನ್‌ನಲ್ಲೇ ಕೊಡಬೇಕು. ಮೂಲ ಘರ್ಷಣ ನಿಯಮದಲ್ಲಿ ಪಾಯ್ಸನ್ ಎಂದು ಕೇಳುವುದು ನಿಜಕ್ಕೂ ಪಾಯ್ಸನ್ ಅನುಪಾತವಲ್ಲ, ಸ್ಪರ್ಶಕ ಮತ್ತು ಲಂಬ ಸ್ಪ್ರಿಂಗುಗಳ ಬಿಗಿಯ ಅನುಪಾತ. ಕೋರ್ ಹೆಚ್ಚಿಸಿದಷ್ಟೂ ವೇಗ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಹಲವು ಕೋರ್‌ಗಳಲ್ಲಿ ಒಂದೇ ಸ್ಕ್ರಿಪ್ಟನ್ನು ಎರಡು ಸಲ ಓಡಿಸಿದರೆ ಬಲಗಳನ್ನು ಕೂಡುವ ಸರದಿ ಬದಲಾಗಿ, ಕೊನೆಯ ದಶಮಾಂಶಗಳೂ ಬದಲಾಗುತ್ತವೆ. ತಪ್ಪು ಹುಡುಕುವಾಗ ಒಂದೇ ಕೋರ್ ಇಟ್ಟುಕೊಳ್ಳಿ.